ಪ್ರತಿಕ್ರಿಯೆ: ಹವಾಯಿಯಲ್ಲಿ ಕೆಸುವಿನ ಗೆಡ್ಡೆ ಕೊಳೆಯುತ್ತಿದೆ

ನಿಂತ ನೀರು ಬಿಸಿಯಾಗುತ್ತಿರುವುದೇ ಕಾರಣ ಇರಬೇಕು. ಕವಾಯಿ ದ್ವೀಪದ ನಿಮ್ಮ ಕೆಸುವಿನ ಗದ್ದೆಗೆ ಊರಿನ ಭತ್ತದ ಗದ್ದೆಯ ಹಾಗೆ ನೀರು ಕಟ್ಟಿದ್ದೇನೆ ಎಂದಿದ್ದೀರಿ. ಹವಾಯಿಯವರ 'ಲೋಇ'ಯಲ್ಲಿ, ಅಂದರೆ ಅಲ್ಲಿನ ಕೆಸುವಿನ ಗದ್ದೆಯಲ್ಲಿ, ನೀರು ನಿಲ್ಲುವುದಿಲ್ಲ. ಹೊಳೆಯಿಂದ 'ಔವಾಯ್' ಕಾಲುವೆಯಲ್ಲಿ ಬಂದು, ಮಡಿಯಿಂದ ಮಡಿಗೆ ಇಳಿದು, ಮತ್ತೆ ಹೊಳೆಗೇ ಸೇರುತ್ತದೆ. ಎಷ್ಟು ಚಂದದ ವ್ಯವಸ್ಥೆ ಅದು! ಹರಿಯುವ ತಣ್ಣೀರಲ್ಲಿ ಬೇರಿಗೆ ಆಮ್ಲಜನಕ ಸಿಗುತ್ತದೆ. ಬೆಚ್ಚಗಿನ ನೀರಲ್ಲಿ ಪಿಥಿಯಮ್ ಎಂಬ ರೋಗಾಣು ಹಬ್ಬಿ ಗೆಡ್ಡೆ ಕೊಳೆಯುತ್ತದೆ.

ಮೊದಲು ನೀರಿನ ಒಳಬಾಯಿ, ಹೊರಬಾಯಿ ಎರಡನ್ನೂ ತೆರೆಯಿರಿ. ನಡು ಮಧ್ಯಾಹ್ನ ಕೈಯಿಟ್ಟರೂ ನೀರು ತಣ್ಣಗಿರಬೇಕು. ಕೊಳೆತ ಗಿಡಗಳನ್ನು ಬೇರುಸಮೇತ ಕಿತ್ತು ಗದ್ದೆಯಿಂದ ದೂರ ಹಾಕಿ. ಕೊಯ್ಲಾದ ಮೇಲೆ ನೀರು ಬಸಿದು ಮಣ್ಣು ಒಣಗಲು ಬಿಡಿ, ಅವಸರ ಬೇಡ. ಮರುನಾಟಿಗೆ ಅಲ್ಲಿಯವರು 'ಹುಲಿ' ಎನ್ನುವ ತುಂಡು, ಅಂದರೆ ಗೆಡ್ಡೆಯ ನೆತ್ತಿಯ ಹೋಳು ಮತ್ತು ಅದಕ್ಕಂಟಿದ ದಂಟು, ಆರೋಗ್ಯವಾಗಿರುವ ಗದ್ದೆಯಿಂದಲೇ ತನ್ನಿ. ಕತ್ತರಿಸಿದ ಕಡೆ ಕೊಳೆಯ ಕಲೆ ಇರಬಾರದು.

ಊರಿನ ಗೆಡ್ಡೆ ತರಿಸುವ ಯೋಚನೆ ಬಿಡಿ. ಪತ್ರೊಡೆಯ ಕೆಸುವೂ ಹವಾಯಿಯವರು 'ಕಾಲೋ' ಎನ್ನುವ ಕೆಸುವೂ ಒಂದೇ ಜಾತಿ, ಏಷ್ಯಾದ ಕಡೆಯಿಂದ ಹೊರಟು ಪಾಲಿನೇಷಿಯನ್ನರ ದೋಣಿಯಲ್ಲಿ ಅಲ್ಲಿಗೆ ಹೋದದ್ದು. ಹಾಗಾಗಿ ಇಲ್ಲಿನ ರೋಗ ಅದಕ್ಕೂ ತಗಲುತ್ತದೆ.

ಎಲೆಯ ಮೇಲೆ ದುಂಡನೆಯ ಕಂದು ಮಚ್ಚೆಗಳಿದ್ದರೆ ಮಾತ್ರ ಅದು ಎಲೆ ಅಂಗಮಾರಿ ಇರಬಹುದು, ಫೋಟೊ ಹಾಕಿ.