ಶನಿವಾರ ಉಳಿದ ಮಾತ್ರೆಗಳು

ಡೊಂಬಿವಲಿಯಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಮಗನಿಗೆ 17 ವರ್ಷ, ಹನ್ನೆರಡನೇ ಕ್ಲಾಸು. ಹತ್ತನೇ ಕ್ಲಾಸು ಮುಗಿದ ಮೇಲೆ ಮಂಕಾದ, ಕ್ರಿಕೆಟ್ ಬ್ಯಾಟು ಮಂಚದ ಕೆಳಗೆ ಸೇರಿತು. ಆಮೇಲೆ ಗೆಳೆಯರ ಜೊತೆ ಶನಿವಾರ ಶನಿವಾರ ಕುಡಿತ. ಮನೋವೈದ್ಯರು ಫ್ಲುವೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟು ಒಂದು ತಿಂಗಳಾಯಿತಂತೆ. ಅವರ ಪ್ರಶ್ನೆ: "ಅಣ್ಣ, ಕುಡಿಯುವ ಹುಡುಗನಿಗೆ ಈ ಮಾತ್ರೆ ಕೊಡಬಹುದಾ? ಮೊದಲು ಕುಡಿತ ಬಿಡಿಸಬೇಕಾ? ಇದೂ ಒಂದು ಚಟ ಆಗಲ್ವಾ?"

ಅಕ್ಕಾ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸ್ಟ್ರಿಪ್ಪಿನ ಮಾತು. ಪ್ರತಿ ಮಾತ್ರೆಯ ಹಿಂದೆ ಬಾಲ್ ಪೆನ್ನಿನಲ್ಲಿ ತಾರೀಕು ಬರೆದಿಟ್ಟಿದ್ದೀರಿ. ತಿಂಗಳ ಕೊನೆಗೆ ನೋಡಿದರೆ ನಾಲ್ಕು ಮಾತ್ರೆ ಉಳಿದಿವೆ. ನಾಲ್ಕೂ ಶನಿವಾರದ್ದು.

ನಾನು ಡಾಕ್ಟರಲ್ಲ. ಓದಿದ್ದನ್ನು, ನಮ್ಮ ಓದುಗರೇ ಆದ ಒಬ್ಬ ಮನೋವೈದ್ಯರ ಹತ್ತಿರ ಕೂತು ಕೇಳಿಕೊಂಡದ್ದನ್ನು ಹೇಳುತ್ತೇನೆ. ಹುಡುಗ ಕುಡಿಯುವ ದಿನ ಮಾತ್ರೆ ಬಿಡುತ್ತಿದ್ದಾನೆ. ಎರಡೂ ಸೇರಿದರೆ ಏನೋ ಆಗುತ್ತದೆ ಎಂಬ ಹೆದರಿಕೆ ಇರಬೇಕು. ಆದರೆ ಫ್ಲುವೊಕ್ಸೆಟಿನ್ ಒಂದು ದಿನ ಬಿಟ್ಟರೆ ಮೈಯಿಂದ ಹೋಗುವ ಔಷಧವಲ್ಲ. ವಾರಗಟ್ಟಲೆ ರಕ್ತದಲ್ಲಿ ಇರುತ್ತದೆ. ಅಂದರೆ ಶನಿವಾರ ಬಿಟ್ಟರೂ ಅದು ಒಳಗಿದೆ, ಮೇಲೆ ಹೆಂಡವೂ ಹೋಗುತ್ತಿದೆ. ಬಿಟ್ಟಿದ್ದರಿಂದ ಲಾಭ ಏನೂ ಇಲ್ಲ. ಕುಡಿತವಂತೂ ಮಂಕನ್ನು ಇನ್ನಷ್ಟು ಕೆಳಕ್ಕೆ ಎಳೆಯುತ್ತದೆ. ಇದನ್ನು ಅವನಿಗೆ ಬೈಗುಳವಿಲ್ಲದೆ ಹೇಳಬೇಕು. ನೀವು ಹೇಳುವುದಕ್ಕಿಂತ ಡಾಕ್ಟ್ರು ಹೇಳಿದರೆ ಒಳ್ಳೆಯದು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಯಾವುದು ಮೊದಲು ಅನ್ನೋದು. ನನ್ನ ತಂಗಿ ಮಗನಿಗೂ ಹೀಗೇ ಆಗಿತ್ತು. ಒಂದು ಕ್ಲಿನಿಕ್ಕಿನಲ್ಲಿ "ಮೊದಲು ಕುಡಿತ ಬಿಟ್ಟು ಬಾ" ಅಂದರು. ಚಟ ಬಿಡಿಸುವ ಇನ್ನೊಂದು ಕಡೆ "ಮೊದಲು ಮನಸ್ಸು ಸರಿಮಾಡಿಸಿಕೊಂಡು ಬಾ" ಅಂದರು. ಎಂಟು ತಿಂಗಳು ಆ ಹುಡುಗ ಎರಡು ಬಾಗಿಲಿಗೆ ಅಲೆದ. ಈಗ ಚೆನ್ನಾಗಿದ್ದಾನೆ, ಆದರೆ ಆ ಎಂಟು ತಿಂಗಳು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಒಬ್ಬರೇ ಡಾಕ್ಟ್ರು ಎರಡನ್ನೂ ನೋಡಿದರೆ ಇನ್ನೂ ಒಳ್ಳೆಯದು.

ಹದಿಹರೆಯದವರ ಖಿನ್ನತೆಗೆ ಫ್ಲುವೊಕ್ಸೆಟಿನ್ ಕೆಲಸ ಮಾಡುತ್ತದಾ ಎಂದು ಅಮೆರಿಕದಲ್ಲಿ 439 ಮಕ್ಕಳ ಮೇಲೆ ದೊಡ್ಡ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. 12 ವಾರಕ್ಕೆ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡೂ ಸಿಕ್ಕವರಲ್ಲಿ ಶೇ. 71 ಮಂದಿ ಸುಧಾರಿಸಿದರು. ಮಾತ್ರೆ ಒಂದೇ ಆದರೆ ಶೇ. 61, ಔಷಧವಿಲ್ಲದ ಖಾಲಿ ಮಾತ್ರೆಯಲ್ಲಿ ಶೇ. 35. ಡಾಕ್ಟ್ರುಗಳು ಇವತ್ತಿಗೂ ಇದನ್ನೇ ಹೇಳುತ್ತಾರೆ. ಆದರೆ ಕುಡಿತದ ತೊಂದರೆ ಇದ್ದ ಮಕ್ಕಳನ್ನು ಅದಕ್ಕೆ ಸೇರಿಸಿಕೊಂಡಿರಲಿಲ್ಲ. ನಿಮ್ಮ ಮಗನಂಥವರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ!

ಅಂಥ ಮಕ್ಕಳನ್ನೇ ತೆಗೆದುಕೊಂಡು ಮಾಡಿದ ಅಧ್ಯಯನಗಳು ಸಣ್ಣವು. 2007ರಲ್ಲಿ ಅಮೆರಿಕದ ಡೆನ್ವರಿನ ಸಂಶೋಧಕರು 13ರಿಂದ 19 ವಯಸ್ಸಿನ 126 ಮಂದಿಗೆ 16 ವಾರ ಮಾತಿನ ಚಿಕಿತ್ಸೆ ಕೊಟ್ಟರು. ಅರ್ಧ ಜನಕ್ಕೆ ಫ್ಲುವೊಕ್ಸೆಟಿನ್, ಉಳಿದರ್ಧಕ್ಕೆ ಖಾಲಿ ಮಾತ್ರೆ. ಒಂದು ಅಳತೆಯಲ್ಲಿ ಔಷಧ ತಗೊಂಡವರ ಖಿನ್ನತೆ ಜಾಸ್ತಿ ಇಳಿಯಿತು, ಇನ್ನೊಂದರಲ್ಲಿ ವ್ಯತ್ಯಾಸವಿಲ್ಲ. ನಶೆ ಎಷ್ಟು ಮಾಡಿದೆವು ಎಂದು ಅವರೇ ಹೇಳಿದ ಲೆಕ್ಕದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಪಿಟ್ಸ್‌ಬರ್ಗಿನಲ್ಲಿ 50 ಮಂದಿ ಕುಡಿಯುವ ಹುಡುಗ ಹುಡುಗಿಯರ ಮೇಲೆ ಮಾಡಿದ್ದು 2009ರಲ್ಲಿ ಬಂತು. ಅಲ್ಲೂ ಎಲ್ಲರಿಗೂ ಮಾತಿನ ಚಿಕಿತ್ಸೆ ಇತ್ತು. ಎರಡೂ ಗುಂಪಿನವರು ಸುಧಾರಿಸಿದರು, ಮಾತ್ರೆಯಿಂದ ಹೆಚ್ಚಿನ ಅನುಕೂಲ ಕಾಣಲಿಲ್ಲ.

ಹಾಗಾದ್ರೆ ಮಾತ್ರೆ ಬೇಡವಾ? ಹಾಗಲ್ಲ. ಖಿನ್ನತೆ ಜೋರಾಗಿದ್ದರೆ ಬೇಕಾಗಬಹುದು. ನಿಮ್ಮ ಮಗನ ಮಂಕು ಕುಡಿತಕ್ಕಿಂತ ಮೊದಲೇ ಬಂದದ್ದು. ಅದನ್ನು ಡಾಕ್ಟ್ರಿಗೆ ಬಿಡಿಸಿ ಹೇಳಿ, ಆ ವಿವರದ ಮೇಲೆ ಚಿಕಿತ್ಸೆ ನಿಲ್ಲುತ್ತದೆ. ಆದರೆ ಮಾತ್ರೆ ನುಂಗಿಸಿದ ಮಾತ್ರಕ್ಕೆ ಬಾಟಲಿ ಬಿಟ್ಟುಹೋಗುತ್ತದೆ ಅಂತ ಕಾಯಬೇಡಿ. ಪತ್ರದಲ್ಲಿ ಕೌನ್ಸೆಲಿಂಗ್ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಚಿಂತೆ ಅದೇ. ವಾರಕ್ಕೊಮ್ಮೆ ಕೂತು ಮಾತಾಡುವವರು ಅವನಿಗೆ ಬೇಕು.

ಚಟ ಆಗಲ್ಲ ಅಕ್ಕಾ. ಹೆಂಡದ ಹಾಗೆ ಇನ್ನೂ ಬೇಕು ಅನ್ನಿಸುವ ಮಾತ್ರೆ ಅಲ್ಲ ಇದು. ಗುಣ ಕಾಣಲು 4ರಿಂದ 6 ವಾರ ಹಿಡಿಯುತ್ತದೆ. ನಡುವೆ ನೀವೇ ನಿಲ್ಲಿಸಬೇಡಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಇಂಥ ಮಾತ್ರೆಗಳ ಮೇಲೆ 2004ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಹಾಕಿಸಿತು. ಮಕ್ಕಳ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸಾಯುವ ಯೋಚನೆ ಅಥವಾ ಅಂಥ ಪ್ರಯತ್ನ ಖಾಲಿ ಮಾತ್ರೆಯವರಲ್ಲಿ ಶೇ. 2, ಔಷಧದವರಲ್ಲಿ ಶೇ. 4 ಇತ್ತು. ಯಾರೂ ಸಾಯಲಿಲ್ಲ. ಹೆದರಿಸಲು ಹೇಳುತ್ತಿಲ್ಲ. ಶುರುವಿನ ವಾರಗಳಲ್ಲಿ ಮತ್ತು ಪ್ರಮಾಣ ಬದಲಾಯಿಸಿದಾಗ ಕಣ್ಣಿಟ್ಟಿರಿ. ಸುಮ್ನೆ ರೇಗುವುದು, ನಿದ್ದೆ ಬಿಡುವುದು, ಚಡಪಡಿಕೆ ಕಂಡರೆ ಮುಂದಿನ ತಾರೀಕಿಗೆ ಕಾಯದೆ ಫೋನ್ ಮಾಡಿ. "ಸಾಯಬೇಕು ಅನ್ನಿಸುತ್ತದಾ ಮಗಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನೇ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ಟ್ರಿಪ್ಪು ಕಪಾಟಿನಲ್ಲಿ ಬೀಗ ಹಾಕಿಟ್ಟು, ದಿನಾ ಒಂದೊಂದೇ ನಿಮ್ಮ ಕೈಯಿಂದ ಕೊಡಿ.

ಲೋಕಲ್ ಟ್ರೇನಿನಲ್ಲಿ ಅಂಟಿಸಿದ "ಗೊತ್ತಾಗದ ಹಾಗೆ ಕುಡಿತ ಬಿಡಿಸಿ" ಚೀಟಿ ನೋಡಿ ಪುಡಿ ತರೋಣ ಅಂತ ಯಜಮಾನರು ಹೇಳಿದರು ಅಂದಿರಿ. ಖಂಡಿತ ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಥರದ ಔಷಧ ತಿಳಿಯದೆ ಹೊಟ್ಟೆಗೆ ಹೋಗಿ ಮೇಲೆ ಕುಡಿದರೆ ವಾಂತಿ, ಬಿ.ಪಿ. ಕುಸಿತ, ಜೀವಕ್ಕೇ ಅಪಾಯ. ಮಗನ ನಂಬಿಕೆ ಹೋಗುವುದು ಬೇರೆ. ದಿನಾ ಕುಡಿಯುವ ಮಟ್ಟಕ್ಕೆ ಹೋಗಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಫಿಟ್ಸ್ ಬರಬಹುದು. ಎಷ್ಟು ಕುಡಿಯುತ್ತಾನೆ ಎಂದು ಡಾಕ್ಟ್ರಿಗೆ ಮುಚ್ಚಿಡಬೇಡಿ. ಮಹಾರಾಷ್ಟ್ರದಲ್ಲಿ ಬಿಯರಿಗೇ 21 ಆಗಿರಬೇಕು, ವಿಸ್ಕಿಗೆ 25, ಕೇಸಾದರೆ ಅಂತ ಹೆದರಿದ್ದೀರಿ. ಡಾಕ್ಟ್ರು ಪೊಲೀಸರಲ್ಲ.

ಖರ್ಚಿನ ಚಿಂತೆ ಇದ್ದರೆ ನಿಮ್ಮದೇ ಸೆಂಟ್ರಲ್ ಲೈನಿನಲ್ಲಿ ಸಾಯನ್ ಆಸ್ಪತ್ರೆ ಇದೆ, ಪರೇಲಿನಲ್ಲಿ ಕೆ.ಇ.ಎಂ. ಎರಡರಲ್ಲೂ ಮನೋವೈದ್ಯ ವಿಭಾಗ ಇದೆ. ರಾತ್ರಿ ಹೊತ್ತು ಕೈಕಾಲು ಆಡದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮಂಗಳವಾರ ಡಾಕ್ಟ್ರ ಹತ್ತಿರ ಹೋಗುವಾಗ ಆ ಸ್ಟ್ರಿಪ್ಪು ತಗೊಂಡು ಹೋಗಿ. ಮೊದಲೇ ಮಗನಿಗೆ ಹೇಳಿ, ಅವನ ಬೆನ್ನ ಹಿಂದೆ ಬೇಡ. ಸಾಧ್ಯವಾದರೆ ಅವನೇ ಮೇಜಿನ ಮೇಲೆ ಇಟ್ಟು ಹೇಳಲಿ. ಆಮೇಲೆ ಸ್ವಲ್ಪ ಹೊತ್ತು ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಡಾಕ್ಟ್ರ ಜೊತೆ ಅವನೊಬ್ಬನೇ ಮಾತಾಡಲಿ.