ಹಳೆಯ ಮೋಟಾರ್ ಸೈಕಲ್‌ನ ಕ್ಲಚ್ ಜಾರುತ್ತಿದೆ: ಸ್ಪ್ರಿಂಗ್ ಬಿಗಿ ಮಾಡಬೇಕೇ, ಪ್ಲೇಟ್ ಬದಲಿಸಬೇಕೇ?

ನಿಮ್ಮ ಹಳೆಯ ಸಿಂಗಲ್ ಸಿಲಿಂಡರ್ ಗಾಡಿ ಏರು ರಸ್ತೆಯಲ್ಲಿ ಅಬ್ಬರಿಸುತ್ತದೆ, ಆದರೆ ವೇಗ ಏರುವುದಿಲ್ಲ. ಹೊಸ ಕ್ಲಚ್ ಕೇಬಲ್ ಹಾಕಿಸಿದ ಸ್ವಲ್ಪ ದಿನಕ್ಕೇ ಇದು ಶುರುವಾಯಿತು. ಸ್ಪ್ರಿಂಗ್ ಬಿಗಿ ಮಾಡಲೇ, ಪ್ಲೇಟ್ ಸೆಟ್ಟನ್ನೇ ಬದಲಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಕ್ಲಚ್ ಜಾರಿದ ತಕ್ಷಣ ಹೆಚ್ಚಿನವರ ಸ್ಪ್ಯಾನರ್ ಹೋಗುವುದು ಸ್ಪ್ರಿಂಗ್ ನಟ್‌ಗಳ ಕಡೆಗೆ. ನನ್ನ ಅನುಭವದಲ್ಲಿ ಅದು ಕೊನೆಯ ಹಂತಗಳಲ್ಲಿ ಮುಟ್ಟಬೇಕಾದ ಜಾಗ. ಮೊದಲು ಲಿವರ್‌ನಲ್ಲಿ ಫ್ರೀ ಪ್ಲೇ, ಅಂದರೆ ಕ್ಲಚ್ ಕೆಲಸ ಶುರುಮಾಡುವ ಮೊದಲು ಲಿವರ್ ಸಡಿಲವಾಗಿ ಆಡುವ ಅಂತರ, ಇದೆಯೇ ನೋಡಿ.

ಕಾರಣ ಹೇಳುತ್ತೇನೆ. ಲಿವರ್ ಬಿಟ್ಟಿರುವಾಗ ಸ್ಪ್ರಿಂಗ್‌ಗಳು ತಮ್ಮ ಪೂರ್ತಿ ಬಲದಿಂದ, ಇಂಜಿನ್ನಿನ ಶಕ್ತಿಯನ್ನು ಗಿಯರ್ ಬಾಕ್ಸಿಗೆ ದಾಟಿಸುವ ಪ್ಲೇಟ್‌ಗಳನ್ನು ಒತ್ತಿ ಹಿಡಿದಿರಬೇಕು. ಲಿವರ್ ಎಳೆದಾಗ ಕೇಬಲ್ ಒಂದು ತೋಳನ್ನು ತಿರುಗಿಸುತ್ತದೆ, ಆ ತೋಳು ಪುಶ್ ರಾಡನ್ನು ತಳ್ಳುತ್ತದೆ, ರಾಡ್ ಪ್ರೆಷರ್ ಪ್ಲೇಟನ್ನು (ಸ್ಪ್ರಿಂಗ್ ಬಲವನ್ನು ಉಳಿದ ಪ್ಲೇಟುಗಳ ಮೇಲೆ ಹೇರುವ ತಟ್ಟೆ) ಹೊರಕ್ಕೆ ಎತ್ತುತ್ತದೆ. ಕೈ ಬಿಟ್ಟಾಗ ರಾಡ್ ಯಾವುದನ್ನೂ ಒತ್ತಬಾರದು. ಕೇಬಲ್ ಬಿಗಿಯಾಗಿದ್ದರೆ ರಾಡ್ ಸದಾ ಒತ್ತುತ್ತಲೇ ಇರುತ್ತದೆ, ಅಂದರೆ ನೀವು ಅರೆಬರೆ ಕ್ಲಚ್ ಹಿಡಿದುಕೊಂಡೇ ಬೆಟ್ಟ ಹತ್ತುತ್ತಿದ್ದೀರಿ. ಹೊಸ ಕೇಬಲ್ ಹಾಕಿದ ಮೇಲೆ ಶುರುವಾಗಿದೆ ಎಂದಿರುವುದರಿಂದ ನನ್ನ ಅನುಮಾನವೆಲ್ಲ ಇಲ್ಲಿಯೇ.

ಆದರೂ ಜಾರುತ್ತಿರುವುದು ಕ್ಲಚ್ಚೇ ಎಂದು ಖಚಿತಪಡಿಸಿಕೊಳ್ಳಿ. ವಾಹನಗಳಿಲ್ಲದ ರಸ್ತೆಯಲ್ಲಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಟಾಪ್ ಗಿಯರ್‌ನಲ್ಲಿ ಸಾಧಾರಣ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ. ಇಂಜಿನ್ನಿನ ಸದ್ದು ಏರಿ ಗಾಡಿಯ ವೇಗ ಅಲ್ಲೇ ನಿಂತರೆ ಕ್ಲಚ್ ಜಾರುತ್ತಿದೆ. ಸದ್ದೂ ಏರದೆ ವೇಗವೂ ಏರದಿದ್ದರೆ ತೊಂದರೆ ಬೇರೆ ಕಡೆ ಇದೆ: ಕಾರ್ಬುರೇಟರ್, ಇಗ್ನಿಷನ್ ಟೈಮಿಂಗ್, ಅಥವಾ ಹಿಡಿದುಕೊಂಡಿರುವ ಬ್ರೇಕ್. ಇನ್ನೊಂದು ಒಳ್ಳೆಯ ಸುಳಿವು ಕಿಕ್. ಬಹಳಷ್ಟು ಹಳೆಯ ಗಾಡಿಗಳಲ್ಲಿ ಕಿಕ್ಕಿನ ಬಲ ಗಿಯರ್ ಬಾಕ್ಸ್‌ನಿಂದ ಕ್ಲಚ್ ಮೂಲಕವೇ ಇಂಜಿನ್ನಿಗೆ ಹೋಗುತ್ತದೆ. ಕಂಪ್ರೆಷನ್ ಬಂದಾಗ ಕಿಕ್ ನಯವಾಗಿ ಕೆಳಕ್ಕೆ ಇಳಿದು ಇಂಜಿನ್ ತಿರುಗದಿದ್ದರೆ ಅದು ಕ್ಲಚ್. ಕಟಕಟ ಎಂದು ಹಲ್ಲು ಹಾರಿದಂತೆ ಇಳಿದರೆ ಕಿಕ್ಕಿನ ರ‍್ಯಾಚೆಟ್ ಸವೆದಿರುತ್ತದೆ. ಅದಕ್ಕೆ ಕ್ಲಚ್ ಬಿಚ್ಚಿ ಪ್ರಯೋಜನವಿಲ್ಲ.

ಈಗ ಹೊಂದಿಸುವ ಕೆಲಸ. ಇದರಲ್ಲಿ ಕ್ರಮ ಬಹಳ ಮುಖ್ಯ, ಏಕೆಂದರೆ ಫ್ರೀ ಪ್ಲೇ ಎರಡು ಕಡೆ ಇರುತ್ತದೆ: ಒಂದು ಕೇಬಲ್‌ನಲ್ಲಿ, ಇನ್ನೊಂದು ರಾಡ್‌ನಲ್ಲಿ. ಬರೀ ಹ್ಯಾಂಡಲ್ ಹತ್ತಿರದ ಅಡ್ಜಸ್ಟರ್ ತಿರುಗಿಸಿ ಬಿಟ್ಟರೆ ರಾಡ್‌ನ ಬಿಗಿತ ಹಾಗೆಯೇ ಉಳಿಯಬಹುದು. ಆದ್ದರಿಂದ ಇಂಜಿನ್ ತಣ್ಣಗಿರುವಾಗ ಮೊದಲು ಕೇಬಲ್ ಅಡ್ಜಸ್ಟರ್‌ಗಳನ್ನು ಪೂರ್ತಿ ಒಳಕ್ಕೆ ತಿರುಗಿಸಿ ಕೇಬಲ್ ಜೋತುಬೀಳುವಂತೆ ಮಾಡಿ. ನಂತರ ರಾಡಿನ ಅಡ್ಜಸ್ಟರ್ ಸ್ಕ್ರೂ ಹುಡುಕಿ. ಕೆಲವು ಗಾಡಿಗಳಲ್ಲಿ ಅದು ಪ್ರೆಷರ್ ಪ್ಲೇಟಿನ ನಡುವೆ, ಕವರಿನ ಮುಚ್ಚಳದ ಹಿಂದೆ ಇರುತ್ತದೆ. ಕೆಲವದರಲ್ಲಿ ಗಿಯರ್ ಬಾಕ್ಸ್ ಕಡೆ, ತೋಳಿನ ಹತ್ತಿರ. ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ರಾಡಿಗೆ ತಾಗಿದ್ದು ಬೆರಳಿಗೆ ತಿಳಿಯುವವರೆಗೆ ಮೆಲ್ಲಗೆ ಒಳಕ್ಕೆ ತಿರುಗಿಸಿ. ಅಲ್ಲಿಂದ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ ಬನ್ನಿ. ನಿಮ್ಮ ಮಾದರಿಯ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದೇ ಸರಿ. ಲಾಕ್ ನಟ್ ಬಿಗಿಯುವಾಗ ಸ್ಕ್ರೂವನ್ನು ಸ್ಕ್ರೂಡ್ರೈವರ್‌ನಿಂದ ಅಲುಗದಂತೆ ಹಿಡಿದಿರಿ, ಇಲ್ಲದಿದ್ದರೆ ನಟ್ ಜೊತೆಗೆ ಅದೂ ತಿರುಗಿ ಸಡಿಲವೆಲ್ಲ ಹೋಗುತ್ತದೆ.

ಆಮೇಲೆ ಕೇಬಲ್. ಲಿವರಿನ ಬುಡದಲ್ಲಿ 2ರಿಂದ 3 ಮಿಲಿಮೀಟರ್ ಆಡುವಷ್ಟು ಪ್ಲೇ ಬಿಟ್ಟು ಅಡ್ಜಸ್ಟರ್ ನಿಲ್ಲಿಸಿ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಮತ್ತೆ ನೋಡಿ. ಹೊಸ ಕೇಬಲನ್ನು ತಪ್ಪು ದಾರಿಯಲ್ಲಿ ಎಳೆದಿದ್ದರೆ ಒಂದು ಬದಿಗೆ ತಿರುಗಿಸಿದಾಗ ಪ್ಲೇ ಮಾಯವಾಗುತ್ತದೆ. ಲಿವರ್ ಬಿಟ್ಟಾಗ ಗಿಯರ್ ಬಾಕ್ಸ್ ಹತ್ತಿರದ ತೋಳು ಚುರುಕಾಗಿ ತನ್ನ ಜಾಗಕ್ಕೆ ಮರಳುತ್ತಿದೆಯೇ ಎಂಬುದನ್ನೂ ಗಮನಿಸಿ. ತಡವರಿಸಿದರೆ ಕೇಬಲ್ ಒಳಗೆ ಹಿಡಿಯುತ್ತಿದೆ. ಕೊನೆಗೆ ಒಂದು ಸುತ್ತು ಓಡಿಸಿ ಬಂದು, ಬಿಸಿಯಾಗಿರುವಾಗ ಪ್ಲೇ ಮತ್ತೊಮ್ಮೆ ಪರೀಕ್ಷಿಸಿ. ತಣ್ಣಗಿದ್ದಾಗ ಇದ್ದ ಪ್ಲೇ ಬಿಸಿಯಲ್ಲಿ ಹಾಗೆಯೇ ಇರುತ್ತದೆ ಎಂಬ ಖಾತರಿಯಿಲ್ಲ.

ಈ ಪ್ಲೇಯನ್ನು ಮುಂದೆಯೂ ಗಮನಿಸುತ್ತಿದ್ದರೆ ಒಳಗೆ ಏನಾಗುತ್ತಿದೆ ಎಂದು ಕವರ್ ಬಿಚ್ಚದೆಯೇ ತಿಳಿಯಬಹುದು. ಪ್ಲೇಟ್‌ಗಳು ಸವೆದು ತೆಳುವಾದಂತೆ ಪ್ರೆಷರ್ ಪ್ಲೇಟ್ ಒಳಕ್ಕೆ ಸರಿದು ರಾಡಿನ ಹತ್ತಿರ ಬರುತ್ತದೆ. ಹಾಗಾಗಿ ಪ್ಲೇ ತಾನಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ಕೇಬಲ್ ಹಿಗ್ಗಿದರೆ ಅಥವಾ ರಾಡಿನ ತುದಿ ಸವೆದರೆ ಪ್ಲೇ ಹೆಚ್ಚಾಗುತ್ತಾ ಹೋಗುತ್ತದೆ. ಹೊಂದಿಸಿದ ಕೆಲವೇ ದಿನಗಳಲ್ಲಿ ಪ್ಲೇ ಮತ್ತೆ ಇಲ್ಲವಾದರೆ ಪ್ಲೇಟ್‌ಗಳ ಕಾಲ ಮುಗಿಯುತ್ತಾ ಬಂದಿದೆ ಎಂದು ತಿಳಿಯಿರಿ.

ಹೊಂದಾಣಿಕೆ ಸರಿಯಿದ್ದೂ ಜಾರಿದರೆ ಆಯಿಲ್ ವಿಚಾರಿಸಿ. ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್ಚಿಗೆ ಕಾರಿನ ಆಯಿಲ್ ಹಾಕಿದ್ದಾರೆಯೇ? ಇಂಧನ ಉಳಿಸುವುದೆಂದು ಗುರುತಿರುವ ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುತ್ತವೆ. ಕ್ಲಚ್ ನಡೆಯುವುದೇ ಘರ್ಷಣೆಯಿಂದ. ಡಬ್ಬಿಯ ಮೇಲೆ ಜಾಸೊ (ಜಪಾನಿನ ವಾಹನ ಮಾನದಂಡ, JASO) ಎಂಎ ಅಥವಾ ಎಂಎ2 ಎಂದಿದ್ದರೆ ಅದು ಇಂತಹ ಕ್ಲಚ್ಚಿಗೆ ಹೊಂದುತ್ತದೆ. ಎಂಬಿ ಎಂದಿದ್ದರೆ ಬೇಡ. ಕ್ಲಚ್ ಕುಳಿತಿರುವ ಪ್ರೈಮರಿ ಕೇಸಿಗೆ ಬೇರೆಯೇ ಆಯಿಲ್ ಹಾಕುವ ಗಾಡಿಯಾದರೆ ಮಟ್ಟ ಮೀರಿ ತುಂಬಿಲ್ಲವೆಂದೂ ನೋಡಿ. ಸೀಲ್ ಹೋಗಿದ್ದರೆ ಗಿಯರ್ ಬಾಕ್ಸಿನ ದಪ್ಪ ಆಯಿಲ್ ರಾಡಿನ ಉದ್ದಕ್ಕೂ ಜಿನುಗಿ ಕ್ಲಚ್ಚಿಗೆ ಬರುವುದುಂಟು. ಡ್ರೈ ಕ್ಲಚ್ಚಾದರೆ ಒಳಗೆ ಆಯಿಲಿನ ಪಸೆಯೇ ಇರಬಾರದು.

ಇಷ್ಟಾದ ಮೇಲೆ ಕವರ್ ತೆಗೆಯಿರಿ. ರಾಡಿನ ತುದಿಯಲ್ಲಿ ಉಕ್ಕಿನ ಪುಟ್ಟ ಗುಂಡು ಇರುವ ಗಾಡಿಗಳಿವೆ, ಅದು ಉರುಳಿಹೋಗದಂತೆ ಎಚ್ಚರ. ಘರ್ಷಣೆ ಪ್ಲೇಟ್‌ಗಳ ದಪ್ಪವನ್ನು ವರ್ನಿಯರ್‌ನಿಂದ ಅಳೆದು ಕೈಪಿಡಿಯ ಮಿತಿಗೆ ಹೋಲಿಸಿ. ಕಪ್ಪಾಗಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಹಿಡಿತ ಹೋಗಿದೆ. ಉಕ್ಕಿನ ಪ್ಲೇಟ್‌ಗಳು ನೀಲಿಗಟ್ಟಿದ್ದರೆ ವಿಪರೀತ ಬಿಸಿಯಾಗಿವೆ. ಬಾಗಿವೆಯೇ ಎಂದು ತಿಳಿಯಲು ದಪ್ಪ ಗಾಜಿನ ಮೇಲಿಟ್ಟು ಅಂಚಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ ನೋಡಿ, 0.2 ಮಿಲಿಮೀಟರಿನದು ನುಗ್ಗಿದರೆ ನಾನಂತೂ ಆ ಪ್ಲೇಟನ್ನು ಮತ್ತೆ ಹಾಕುವುದಿಲ್ಲ. ಒಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಅದರ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒಣಗಿದ್ದಾಗ ಉಜ್ಜಲೂ ಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ.

ಸ್ಪ್ರಿಂಗ್‌ಗಳ ಸರದಿ ಈಗ. ಅವುಗಳ ಉದ್ದ ಅಳೆಯಿರಿ. ಒಂದು ಕುಗ್ಗಿದ್ದರೂ ಇಡೀ ಸೆಟ್ ಬದಲಿಸಿ. ನಟ್‌ನಿಂದ ಹೊಂದಿಸುವ ಬಗೆಯಾದರೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು, ಲಿವರ್ ಎಳೆದು ಹಿಡಿದು ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತಿ. ತಿರುಗುವಾಗ ಪ್ರೆಷರ್ ಪ್ಲೇಟ್ ಓಲಾಡಿದರೆ ಅದು ಸೊಟ್ಟಗೆ ಎದ್ದಿದೆ. ಕಡಿಮೆ ಎದ್ದ ಕಡೆಯ ನಟ್ಟನ್ನು ಅರ್ಧ ಸುತ್ತು ಸಡಿಲಿಸುತ್ತಾ ಓಲಾಟ ನಿಲ್ಲುವವರೆಗೆ ಸರಿಪಡಿಸಿ. ಸವೆದ ಪ್ಲೇಟನ್ನು ಸ್ಪ್ರಿಂಗ್ ಬಿಗಿ ಮಾಡಿ ದುಡಿಸುವುದನ್ನು ನಾನು ಒಪ್ಪುವುದಿಲ್ಲ. ಲಿವರ್ ಕಲ್ಲಾಗುತ್ತದೆ, ಕೇಬಲ್ ಬೇಗ ಹರಿಯುತ್ತದೆ, ರಾಡಿನ ತುದಿಗಳು ಜಜ್ಜಿಹೋಗುತ್ತವೆ, ಅಷ್ಟಾಗಿಯೂ ಸ್ವಲ್ಪ ದಿನಕ್ಕೆ ಮತ್ತೆ ಜಾರುತ್ತದೆ.

ಹೊಸ ಪ್ಲೇಟ್ ಹಾಕಲೇಬೇಕಾಗಿ ಬಂದರೆ, ಆಯಿಲಿನಲ್ಲಿ ಓಡುವ ಕ್ಲಚ್ಚಿನವನ್ನು ಅದೇ ಆಯಿಲಿನಲ್ಲಿ ಒಂದು ರಾತ್ರಿ ನೆನೆಸಿಟ್ಟು ಜೋಡಿಸಿ, ಮೇಲೆ ಹೇಳಿದ ಹೊಂದಾಣಿಕೆಯನ್ನು ರಾಡಿನಿಂದ ಶುರುಮಾಡಿ ಮತ್ತೆ ಮಾಡಿ. ಇವತ್ತು ಮಾತ್ರ ಕೇಬಲ್ ಪೂರ್ತಿ ಸಡಿಲಿಸಿ ಕಿಕ್ ಒತ್ತಿ ನೋಡಿ. ಆಗ ಜಾರುವುದು ನಿಂತರೆ ಪ್ಲೇಟ್‌ಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ನಿಲ್ಲದಿದ್ದರೆ ಗಾಡಿಯ ಮಾದರಿ ಮತ್ತು ಹಾಕಿರುವ ಆಯಿಲಿನ ವಿವರ ಬರೆಯಿರಿ, ಮುಂದಿನದನ್ನು ಅದಕ್ಕೆ ತಕ್ಕಂತೆ ಹೇಳುತ್ತೇನೆ.