ಓದುಗರ ಪ್ರಶ್ನೆ: ಮತ್ಸ್ಯಕನ್ಯೆಗೆ ನಾಯಕ ಬೇಕಿತ್ತೇ?

ಪ್ರಶ್ನೆ: 2006ರಲ್ಲಿ ತೆರೆಕಂಡ ಹಾಲಿವುಡ್‌ನ ‘ಅಕ್ವಾಮರೀನ್’ ಚಿತ್ರವನ್ನು ಮಗಳೊಂದಿಗೆ ನೋಡಿದೆ. ಪ್ರೀತಿ ಎಂಬುದು ಇದೆಯೆಂದು ಮತ್ಸ್ಯಕನ್ಯೆಯೊಬ್ಬಳು ಮೂರು ದಿನಗಳೊಳಗೆ ತಂದೆಗೆ ತೋರಿಸಿಕೊಡಬೇಕಾದ ಕಥೆಯಲ್ಲಿ ನಾಯಕನೇ ಇಷ್ಟು ಸಪ್ಪೆಯಾಗಿರುವುದು ದೋಷವಲ್ಲವೇ?

ಉತ್ತರ: ನನಗೆ ಹಾಗೆನಿಸಲಿಲ್ಲ. ಕಡಲತೀರದ ಜೀವರಕ್ಷಕ ರೇಮಂಡ್ ನೋಡಲು ಚೆನ್ನಾಗಿದ್ದಾನೆ, ಒಳ್ಳೆಯವನೂ ಹೌದು. ಅದಕ್ಕಿಂತ ಹೆಚ್ಚಿನದೇನನ್ನೂ ಚಿತ್ರಕಥೆ ಅವನಿಂದ ಬಯಸುವುದಿಲ್ಲ. ಕಥೆ ನಿಂತಿರುವುದು ಕ್ಲೇರ್ ಮತ್ತು ಹೇಲಿ ಎಂಬ ಗೆಳತಿಯರ ಮೇಲೆ. ಹೇಲಿಯ ತಾಯಿ ಕಡಲಜೀವಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿ. ಆಕೆಯ ಕೆಲಸದ ಕಾರಣಕ್ಕೆ ಮಗಳೂ ಆಸ್ಟ್ರೇಲಿಯಾಕ್ಕೆ ಹೊರಡಬೇಕಾಗಿದೆ. ನೆರವಾದವರಿಗೆ ಮತ್ಸ್ಯಕನ್ಯೆ ವರವೊಂದನ್ನು ಕೊಡುತ್ತಾಳೆಂದು ತಿಳಿದಾಗ, ಆ ಅಗಲಿಕೆಯನ್ನು ತಪ್ಪಿಸಿಕೊಳ್ಳಲೆಂದೇ ಇಬ್ಬರೂ ರೇಮಂಡ್‌ನ ಮನಸ್ಸನ್ನು ಅವಳತ್ತ ತಿರುಗಿಸಲು ಹೊರಡುತ್ತಾರೆ. ಶುದ್ಧ ಸ್ವಾರ್ಥದಿಂದ ಶುರುವಾಗುವ ಈ ಸ್ನೇಹದಲ್ಲಿ ತುಂಟತನಕ್ಕೂ ಕೊರತೆಯಿಲ್ಲ: ಮತ್ಸ್ಯಕನ್ಯೆ ಅಕ್ವಾಳ ಕಿವಿಯೋಲೆಗಳು ಜೀವಂತ ನಕ್ಷತ್ರಮೀನುಗಳು, ಧರಿಸಿದವರ ಕಿವಿಯಲ್ಲಿ ಬಿಡದೆ ಹೊಗಳಿಕೆ ಉಸುರುವುದೇ ಅವುಗಳ ಕಸುಬು.

ಡೆನ್ಮಾರ್ಕ್‌ನ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ 1837ರಲ್ಲಿ ಪ್ರಕಟಿಸಿದ ಕಥೆಯ ಮತ್ಸ್ಯಕನ್ಯೆ ರಾಜಕುಮಾರನಿಗಾಗಿ ತನ್ನ ದನಿಯನ್ನೇ ತೆತ್ತಳು. ಅಕ್ವಾ ಮಾತು ನಿಲ್ಲಿಸುವವಳಲ್ಲ. ತನ್ನನ್ನು ಪ್ರೀತಿಸುತ್ತೀಯಾ ಎಂದು ರೇಮಂಡ್‌ನನ್ನು ನೇರವಾಗಿಯೇ ಕೇಳುತ್ತಾಳೆ. ಪರಿಚಯವಾಗಿ ಎರಡು ದಿನವೂ ಕಳೆಯದಿರುವಾಗ ಅವನು ಹೌದೆನ್ನುವುದಿಲ್ಲ, ಆ ಪ್ರಾಮಾಣಿಕತೆಯೇ ಅವನ ಪಾತ್ರದ ಸಾರ್ಥಕತೆ ಎಂದು ನನ್ನ ಭಾವನೆ. ತಂದೆತಾಯಿಯನ್ನು ನೀರಿಗೆ ಕಳೆದುಕೊಂಡು, ಈಜುಕೊಳಕ್ಕೆ ಇಳಿಯಲೂ ಅಂಜುತ್ತಿದ್ದ ಕ್ಲೇರ್ ಕೊನೆಯಲ್ಲಿ ಗೆಳತಿಗಾಗಿ ಕಡಲಿಗೆ ಹಾರುವಾಗ, ಅಕ್ವಾಳ ತಂದೆ ಕೇಳಿದ್ದ ಪುರಾವೆ ಸಿಕ್ಕಿಬಿಡುತ್ತದೆ. ಪ್ರೇಮಿ ಇನ್ನಷ್ಟು ಮಿಂಚಿದ್ದರೆ ಆ ಹಾರುವಿಕೆ ಮಸುಕಾಗುತ್ತಿತ್ತು.

ಪ್ರಶ್ನೆ: ಮೂಲ ಕಾದಂಬರಿಯೂ ಹೀಗೆಯೇ ಇದೆಯೇ?

ಉತ್ತರ: ಇಲ್ಲ. ಆಲಿಸ್ ಹಾಫ್‌ಮನ್ ಅವರ 2001ರ ಕಿರುಕಾದಂಬರಿ ಹೆಚ್ಚು ಮೌನವಾದದ್ದು, ವಿಷಾದದ ಛಾಯೆಯುಳ್ಳದ್ದು. ಅಲ್ಲಿ ಊರು ಬಿಡುವವಳು ಕ್ಲೇರ್. ನಿರ್ದೇಶಕಿ ಎಲಿಜಬೆತ್ ಆ್ಯಲನ್ ಅದರಿಂದ ಪಡೆದದ್ದು ಗೆಳತಿಯರನ್ನು, ಈಜುಕೊಳವನ್ನು ಮತ್ತು ಅಗಲಿಕೆಯ ಬೇಸಿಗೆಯನ್ನು ಮಾತ್ರ ಎನ್ನಬಹುದು. ಇನ್ನೊಂದು ತಮಾಷೆಯ ಸಂಗತಿಯಿದೆ: ಹೇಲಿ ಬಿಟ್ಟುಹೋಗಲೊಲ್ಲೆನೆಂದು ಹಟ ಹಿಡಿಯುವ, ಅಮೆರಿಕದ ಆ ಫ್ಲಾರಿಡಾ ತೀರವನ್ನು ಚಿತ್ರೀಕರಿಸಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ.